ಗುಲ್ಮಾರ್ಗ್‌ನಲ್ಲಿ ಉಳಿಯುವುದು: ಸ್ಕೀ ಇಳಿಜಾರಿನ ಪಕ್ಕದ ಹೋಟೆಲ್ ಬೇಕೇ, ತಂಗ್‌ಮಾರ್ಗ್ ಸಾಕೇ?

ಬಳ್ಳಾರಿ ಬಿಸಿಲು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರದಲ್ಲಿ ಮನೆಮಂದಿಯೆಲ್ಲ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಅರವತ್ತೆಂಟು ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ಬಿ.ಪಿ. ಮಾತ್ರೆಯೂ ನಡೆದಿದೆ. ಮಕ್ಕಳಿಗೆ ಸ್ಕೀಯಿಂಗ್ ಹುಚ್ಚು ಹಿಡಿದು ಒಂದು ವರ್ಷವಾಯಿತು. ನಮ್ಮ ಮನೆಯಲ್ಲಿ ಚಳಿಗಾಲ ಎಂದರೆ ಫ್ಯಾನಿನ ವೇಗ ಒಂದು ಅಂಕಿ ಇಳಿಸುವುದು, ಅಷ್ಟೇ.

ಮೂರು ಹೋಟೆಲ್ ನೋಡಿಟ್ಟಿದ್ದೇನೆ. ಒಂದು ಸ್ಕೀ ಇಳಿಜಾರಿಗೆ ಅಂಟಿಕೊಂಡೇ ಇದೆ, ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇನ್ನೊಂದು ಗುಲ್ಮಾರ್ಗ್ ಮಾರುಕಟ್ಟೆಯ ಹತ್ತಿರ, ಅದರ ಅರ್ಧಕ್ಕೂ ಕಡಿಮೆ. ಮತ್ತೊಂದು 13 ಕಿ.ಮೀ. ಕೆಳಗೆ ತಂಗ್‌ಮಾರ್ಗ್‌ನಲ್ಲಿ, ಇನ್ನೂ ಅಗ್ಗ. ವಿಮರ್ಶೆಗಳನ್ನು ಓದಿ ತಲೆ ಕೆಟ್ಟಿದೆ. ಒಂದೇ ಹೋಟೆಲ್, ಒಂದೇ ವಾರ: ಒಬ್ಬರು ಸ್ವರ್ಗ ಎನ್ನುತ್ತಾರೆ, ಇನ್ನೊಬ್ಬರು ರಾತ್ರಿಯಿಡೀ ನಡುಗಿದೆವು ಎನ್ನುತ್ತಾರೆ. ನಮ್ಮ ಕಡೆಯವರು ಯಾರಾದರೂ ಉಳಿದು ಬಂದಿದ್ದರೆ ದಯವಿಟ್ಟು ಹೇಳಿ.

ಎಡದಂಡೆ ರೈತ (ಗಂಗಾವತಿ)

ದುಡ್ಡು ಕೊಟ್ಟು ನಡುಗುವುದಕ್ಕೆ ಅಷ್ಟು ದೂರ ಹೋಗಬೇಕೇ ಸ್ವಾಮಿ? ಆ ಹಣದಲ್ಲಿ ನಮ್ಮ ಕಡೆ ಒಂದು ಗದ್ದೆಯ ನಾಟಿ ಮುಗಿಯುತ್ತದೆ.

ಸಿಂಧನೂರಿನ ಸೊಸೆ (ರಾಯಚೂರು ಜಿಲ್ಲೆ)

ಅಣ್ಣಾ, ಆ ವಿಮರ್ಶೆ ಬರೆದ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೋಣೆ ಬೇರೆ ಬೇರೆ, ರಾತ್ರಿ ಬೇರೆ ಬೇರೆ.

ನಾವು ಫೆಬ್ರವರಿಯಲ್ಲಿ ಉಳಿದ ಹೋಟೆಲ್ (ಹೆಸರು ಬೇಡ) ಚಿತ್ರದಲ್ಲಿ ಇದ್ದಂತೆಯೇ ಇತ್ತು. ಮರದ ಹಲಗೆಯ ಗೋಡೆ, ಕಿಟಕಿಯ ತುಂಬಾ ಅಫರ್ವತ್ ಪರ್ವತ, ಹಾಸಿಗೆಯಲ್ಲಿ ಎಲೆಕ್ಟ್ರಿಕ್ ಕಂಬಳಿ, ಮೂಲೆಯಲ್ಲಿ ಚಕ್ರವಿರುವ ಆಯಿಲ್ ಹೀಟರ್. ಮಕ್ಕಳು ಕುಣಿದಾಡಿದರು. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತು, ದೀಪ ಬಂತು, ಟಿ.ವಿ. ಬಂತು. ಹೀಟರಿನ ಕೆಂಪು ಗುಂಡಿ ಮಾತ್ರ ಹತ್ತಲೇ ಇಲ್ಲ. ಕೆಳಗೆ ಹೋಗಿ ಕೇಳಿದರೆ, "ಹೀಟರಿನ ಪ್ಲಗ್ ಜನರೇಟರಿಗೆ ಜೋಡಿಸಿಲ್ಲ ಮೇಡಂ" ಎಂದು ತಣ್ಣಗೆ ಹೇಳಿದರು. ಎಲೆಕ್ಟ್ರಿಕ್ ಕಂಬಳಿಯೂ ಅದೇ ಲೈನಿನಲ್ಲಿತ್ತು.

ಆ ರಾತ್ರಿ ನಮ್ಮನ್ನು ಕಾಪಾಡಿದವನು ಅಲ್ಲಿನ ಒಬ್ಬ ಹುಡುಗ. ಮೊಣಕಾಲಿನ ಕೆಳಗಿನವರೆಗೆ ಬರುವ ಫೆರನ್ ಎಂಬ ದೊಗಲೆ ನಿಲುವಂಗಿ ತೊಟ್ಟು, ಅದರೊಳಗೆ ಕಾಂಗಡಿ ಎಂಬ ಕೆಂಡದ ಬುಟ್ಟಿ ಹಿಡಿದುಕೊಂಡೇ ಮಹಡಿ ಹತ್ತಿ ಇಳಿಯುತ್ತಿದ್ದ. ರಬ್ಬರ್ ಚೀಲಗಳಿಗೆ ಬಿಸಿನೀರು ತುಂಬಿಸಿ, ಟವೆಲ್ ಸುತ್ತಿ, ತಲೆಗೊಂದರಂತೆ ತಂದುಕೊಟ್ಟ. ಅವನ್ನು ಕಾಲ ಬುಡದಲ್ಲಿಟ್ಟುಕೊಂಡು, ಟೋಪಿ ಹಾಕಿಕೊಂಡೇ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ಚಮಚೆಯ ಹಿಡಿಯೂ ಒಳಗೆ ಇಳಿಯಲಿಲ್ಲ. ಸ್ನಾನದ ಮನೆಯ ಕೊಳಾಯಿಯನ್ನು ರಾತ್ರಿಯಿಡೀ ಸಣ್ಣಗೆ ತೊಟ್ಟಿಕ್ಕಲು ಬಿಡಿ, ಪೂರ್ತಿ ನಿಲ್ಲಿಸಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂದು ಮೊದಲೇ ಹೇಳಿದ್ದರು. ನಮ್ಮ ಊರಿನಲ್ಲಿ ಹನಿ ನೀರು ಪೋಲಾದರೆ ಬೈಯುವ ಅತ್ತೆಗೆ ಆ ಸದ್ದಿಗೇ ನಿದ್ದೆ ಬರಲಿಲ್ಲ.

ಆದ್ದರಿಂದ ಎಷ್ಟು ನಕ್ಷತ್ರದ ಹೋಟೆಲ್ ಎಂದು ನೋಡಬೇಡಿ. ಫೋನ್ ಮಾಡಿ, ಬಿಸಿ ಯಾವುದರಿಂದ ಬರುತ್ತದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಕರೆಂಟ್ ಹೋದಾಗ ಅದು ನಡೆಯುತ್ತದೆಯೇ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಆ ಹೋಟೆಲ್ ಬಿಡಿ.

ಕೊಪ್ಪಳದ ಹುಡುಗ (ಕೊಪ್ಪಳ)

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಹೋಟೆಲ್ ಮ್ಯಾನೇಜ್‌ಮೆಂಟ್ ಓದು ಮುಗಿಸಿ ಮನಾಲಿಯ ಮೇಲೆ ಸೋಲಂಗ್ ಕಣಿವೆಯ ಕಡೆ ಕೆಲಸ ಮಾಡಿದವನು ನಾನು. ಕೌಂಟರಿನ ಆಚೆ ಬದಿಯಿಂದ ಸ್ವಲ್ಪ ಹೇಳುತ್ತೇನೆ.

ಹಿಮದ ಊರಿನ ಹೋಟೆಲ್ ಮಾರುವುದು ಬಿಸಿಯನ್ನು. ಉಳಿದದ್ದೆಲ್ಲ ಆಮೇಲೆ. ದೊಡ್ಡ ಹೋಟೆಲ್‌ಗಳಲ್ಲಿ ನೆಲಮಾಳಿಗೆಯಲ್ಲಿ ಡೀಸೆಲ್ ಬಾಯ್ಲರ್ ಇರುತ್ತದೆ, ಅದರ ಬಿಸಿನೀರು ಪೈಪಿನಲ್ಲಿ ಪ್ರತಿ ಕೋಣೆಯ ರೇಡಿಯೇಟರ್‌ಗೆ ಹೋಗುತ್ತದೆ. ಹಳೆಯ ಕಟ್ಟಡಗಳಲ್ಲಿ ಬುಖಾರಿ: ತಗಡಿನ ಸೌದೆ ಒಲೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಇವೆರಡೂ ಇಲ್ಲದ ಕಡೆ ವಿದ್ಯುತ್ ಹೀಟರ್. ಹಿಮ ಬಿದ್ದ ದಿನ ತಂತಿಯ ಮೇಲೆ ಮರದ ಕೊಂಬೆ ಬೀಳುವುದು ಸಾಮಾನ್ಯ, ಆಗ ಮೊದಲು ಕೈಕೊಡುವುದು ಇದೇ.

ಬಾಯ್ಲರ್ ಇದ್ದರೂ ಇಡೀ ದಿನ ಉರಿಸುವುದಿಲ್ಲ. ಡೀಸೆಲ್ ಲಾರಿಯಲ್ಲಿ ಬೆಟ್ಟ ಹತ್ತಿ ಬರಬೇಕು. ಅತಿಥಿಗಳು ಹಿಮದಲ್ಲಿ ಆಡಲು ಹೋದ ಹೊತ್ತಿನಲ್ಲಿ ಆರಿಸಿ, ಸಂಜೆ ಮತ್ತೆ ಹಚ್ಚುತ್ತಾರೆ. ತಣ್ಣಗಾದ ಕಲ್ಲುಗೋಡೆ ಮತ್ತೆ ಬೆಚ್ಚಗಾಗಲು ಗಂಟೆಗಟ್ಟಲೆ ಬೇಕು. ಸಂಜೆ ಆರಕ್ಕೆ ಹಿಂದಿರುಗಿದವರು ನಡುಗುತ್ತಾರೆ, ಹತ್ತಕ್ಕೆ ಬಂದವರು ಸ್ವರ್ಗ ಎನ್ನುತ್ತಾರೆ.

ಇನ್ನೊಂದು ಗುಟ್ಟು. ಹೆಚ್ಚು ಹಣ ಕೊಟ್ಟು ಪಡೆಯುವ "ಪರ್ವತ ನೋಟ"ದ ಕೋಣೆಯೇ ಬಹುಪಾಲು ಅತಿ ತಣ್ಣನೆಯ ಕೋಣೆ. ಗೋಡೆಯಗಲದ ಗಾಜು, ಅದೂ ಒಂದೇ ಪದರ, ಹಲವು ಕಡೆ ಮೂಲೆಯಲ್ಲಿರುವುದರಿಂದ ಎರಡು ಬದಿ ಹೊರಗಿನ ಗಾಳಿ. ಅಮ್ಮ ಜೊತೆಯಲ್ಲಿರುವುದರಿಂದ ನಡು ಮಹಡಿ, ಮೂಲೆಯಲ್ಲದ ಕೋಣೆ, ಸಾಧ್ಯವಾದರೆ ಅಡುಗೆಮನೆಯ ಮೇಲಿನ ಕೋಣೆ ಕೇಳಿ. ಅದನ್ನು ಯಾರೂ ಕೇಳುವುದಿಲ್ಲ, ಬೇಗ ಸಿಗುತ್ತದೆ. ಪರ್ವತವನ್ನು ಊಟದ ಮನೆಯಿಂದ ನೋಡಬಹುದು.

ಕೊನೆಯದಾಗಿ, ಚಳಿ ತಡೆಯದೆ ಗ್ಯಾಸ್ ಹೀಟರನ್ನಾಗಲಿ ಇದ್ದಿಲ ಕೆಂಡವನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಹೀಗೆ ಮಲಗಿದಲ್ಲೇ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೋಟೆಲಿನವರೇ ತಂದುಕೊಟ್ಟರೂ ಮಲಗುವ ಮುಂಚೆ ಹೊರಗಿಡಿ.

ಬಳ್ಳಾರಿ ಬಿಸಿಲು (ಬಳ್ಳಾರಿ)

ಪರ್ವತ ನೋಟಕ್ಕೆಂದೇ ಹೆಚ್ಚು ಬಾಡಿಗೆ ಕೊಡಲು ಹೊರಟಿದ್ದೆ! ಧನ್ಯವಾದ ತಮ್ಮಾ. ಅಮ್ಮನನ್ನು ಕೇಬಲ್ ಕಾರಿನಲ್ಲಿ ಮೇಲಕ್ಕೆ ಕರೆದೊಯ್ಯಬಹುದೇ? ಯಾರಾದರೂ ವೈದ್ಯರಿದ್ದರೆ ಹೇಳಿ.

ಸ್ಟೇಷನ್ ರಸ್ತೆ ಡಾಕ್ಟರ್ (ರಾಯಚೂರು)

ತಾಯಿಯವರನ್ನು ಪರೀಕ್ಷಿಸದೆ ಹೋಗಿ ಎಂದಾಗಲಿ, ಬೇಡ ಎಂದಾಗಲಿ ಹೇಳಲಾರೆ. ಹೊರಡುವ ಮುಂಚೆ ನಿಮ್ಮ ವೈದ್ಯರಿಗೆ ತೋರಿಸಿ, ಇ.ಸಿ.ಜಿ. ಮಾಡಿಸಿ. ಸಾಮಾನ್ಯವಾಗಿ ಹೇಳುವುದಾದರೆ: ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಬಳ್ಳಾರಿ 500ರ ಆಸುಪಾಸು. ಶ್ರೀನಗರ ಸುಮಾರು 1,600. ಗುಲ್ಮಾರ್ಗ್ ಸುಮಾರು 2,650. ಎತ್ತರದ ಕಾಯಿಲೆ ಕಾಣಿಸಿಕೊಳ್ಳಲು ಶುರುವಾಗುವುದು 2,500 ದಾಟಿದ ಮೇಲೆ. ಶ್ರೀನಗರದಲ್ಲಿ ಒಂದು ರಾತ್ರಿ ತಂಗಿ ಮೇಲೆ ಹೋದರೆ ಹೆಚ್ಚಿನವರಿಗೆ ತೊಂದರೆಯಾಗದು.

ಕೇಬಲ್ ಕಾರಿನದು ಬೇರೆ ಕಥೆ. ಮೊದಲ ಹಂತ ಕೊಂಗ್‌ಡೂರಿಯವರೆಗೆ, ಸುಮಾರು 3,100 ಮೀಟರ್. ಎರಡನೆಯ ಹಂತ ಅಫರ್ವತ್‌ನ ಹೆಗಲಿಗೆ, 3,900 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ. 60ರ ಸುಮಾರು. ನಡೆದು ಹತ್ತಿದವನಿಗೆ ದೇಹವೇ ದಾರಿಯಲ್ಲಿ ಎಚ್ಚರಿಕೆ ಕೊಡುತ್ತದೆ. ಕೇಬಲ್ ಕಾರಿನಲ್ಲಿ ಕುಳಿತವನಿಗೆ ಅಷ್ಟು ಸಮಯವೇ ಇರುವುದಿಲ್ಲ. ಬಿ.ಪಿ. ಇರುವ ಹಿರಿಯರಿಗೆ ಮೊದಲ ಹಂತ ಸಾಕು. ಎರಡನೆಯ ಹಂತಕ್ಕೆ ನೀವು ಮಕ್ಕಳೊಂದಿಗೆ ಹೋಗುವುದಾದರೂ ಬಂದ ದಿನವೇ ಬೇಡ.

ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಕಂಡರೆ ಕಾಫಿ ಕುಡಿದು ಸುಮ್ಮನಾಗಬೇಡಿ, ಕೆಳಗೆ ಇಳಿಯಿರಿ. ಚಳಿಗೆಂದು ಮದ್ಯ ಕುಡಿಯುವವರು ತಿಳಿದಿರಲಿ: ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗೆನಿಸುತ್ತದೆ, ಆದರೆ ಒಳಗಿನ ಬಿಸಿ ಹೊರಗೆ ಸೋರಿ ಹೋಗುತ್ತದೆ. ಕಪ್ಪು ಕನ್ನಡಕ ಮಕ್ಕಳಿಗೂ ಕಡ್ಡಾಯ. ಹೊಸ ಹಿಮ ನೇರಳಾತೀತ ಕಿರಣಗಳ ಶೇ. 80ರವರೆಗೆ ಹಿಂದಕ್ಕೆ ಎಸೆಯುತ್ತದೆ. ಬಿಸಿಲಿನ ಊರಿನವರು ನಾವು ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಸಂಡೂರು ಗುಡ್ಡ (ಬಳ್ಳಾರಿ ಜಿಲ್ಲೆ)

ಸ್ಕೀಯಿಂಗ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮಕ್ಕಳು ಕಲಿಯುವುದಕ್ಕಾದರೆ ಇಳಿಜಾರಿಗೆ ಅಂಟಿದ ಹೋಟೆಲ್ ಬೇಕಿಲ್ಲ. ದುಬಾರಿ ಹೋಟೆಲಿನ ಬಾಗಿಲಿನಿಂದಲೇ ಸ್ಕೀ ಮೇಲೆ ಜಾರಿ ಹೊರಡುವುದು ಬಲ್ಲವರಿಗೆ ಅನುಕೂಲ. ಹೊಸಬರು ಕಲಿಯುವುದು ಕೆಳಗಿನ ಹುಲ್ಲುಗಾವಲಿನ ಸಣ್ಣ ಏರಿನಲ್ಲಿ, ಅಲ್ಲಿಗೆ ಮಾರುಕಟ್ಟೆಯಿಂದ ನಡೆದೇ ಹೋಗಬಹುದು. ಮೊದಲ ದಿನದ ಬಹುಪಾಲು ಬೀಳುವುದರಲ್ಲಿ, ಬಿದ್ದಲ್ಲಿಂದ ಏಳುವುದರಲ್ಲಿ ಹೋಗುತ್ತದೆ. ಎರಡು ಸ್ಕೀಗಳ ಮೂತಿ ಹತ್ತಿರ ತಂದು, ಹಿಂಬದಿ ಅಗಲಿಸಿ, ಒಳ ಅಂಚನ್ನು ಹಿಮಕ್ಕೆ ಒತ್ತಿ ನಿಲ್ಲುವುದು ಬಂದರೆ ಆ ದಿನ ಸಾರ್ಥಕ. ಮಕ್ಕಳಿಗೆ ಬೇಗ ಬರುತ್ತದೆ. ಅಪ್ಪಂದಿರಿಗೆ ಸೊಂಟ ಅಡ್ಡ ಬರುತ್ತದೆ.

ಹೋಟೆಲಿನವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ಬೂಟು ಒಣಗಿಸಲು ಬೆಚ್ಚನೆಯ ಕೋಣೆ ಇದೆಯೇ? ಸ್ಕೀ ಬೂಟು ಎಂದರೆ ಮೊಣಕಾಲಿನ ಅರ್ಧದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್, ಮೇಲೆ ನಾಲ್ಕು ಕೊಂಡಿ. ರಾತ್ರಿ ಅದನ್ನು ವರಾಂಡದಲ್ಲಿ ಬಿಟ್ಟರೆ ಬೆಳಿಗ್ಗೆ ಪ್ಲಾಸ್ಟಿಕ್ ಬಿಗಿದುಕೊಂಡು ಬಾಯಿಯೇ ತೆರೆಯುವುದಿಲ್ಲ. ಒಬ್ಬರು ಹಿಡಿದು, ಇನ್ನೊಬ್ಬರು ತುಳಿದು ಕಾಲು ತೂರಿಸಬೇಕು. ಒಳಗಿನ ಮೆತ್ತೆ ಒದ್ದೆಯಾಗಿದ್ದರಂತೂ ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ದಪ್ಪನೆಯ ಉದ್ದ ಕಾಲುಚೀಲ ಒಂದೇ ಜೊತೆ ಹಾಕಿ ಅಳತೆ ನೋಡಿ. ಎರಡು ಜೊತೆ ಹಾಕಿದರೆ ಮಡಿಕೆ ಬಿದ್ದು ಮೊಳಕಾಲ ಮೂಳೆ ಒತ್ತುತ್ತದೆ.

ಎರಡನೆಯ ಹಂತದ ಮೇಲಿನಿಂದ ಇಳಿಯುವವರನ್ನು ನೋಡಿ ಮಕ್ಕಳು ಹಟ ಹಿಡಿದರೆ ಒಪ್ಪಬೇಡಿ. ಅಲ್ಲಿರುವುದು ಕಾಡು ಇಳಿಜಾರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಪೋಲೆಂಡಿನ ಇಬ್ಬರೂ ಸ್ಕೀ ಮಾಡಲೆಂದೇ ಬಂದಿದ್ದವರು.

ಮಾನ್ವಿ ಮೇಷ್ಟ್ರು (ರಾಯಚೂರು ಜಿಲ್ಲೆ)

ತಂಗ್‌ಮಾರ್ಗ್ ಅಗ್ಗ ಎಂದು ಹೋಗುವವರಿಗೆ ಒಂದು ಮಾತು. ಹಿಮ ಬಿದ್ದ ಮರುದಿನ ಸಾಮಾನ್ಯ ಟ್ಯಾಕ್ಸಿಗಳನ್ನು ತಂಗ್‌ಮಾರ್ಗ್‌ನಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನದಲ್ಲಿ ಹೋಗಬೇಕು, ಅದರ ಬಾಡಿಗೆ ಪ್ರತ್ಯೇಕ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ದಿನವೂ. ಲೆಕ್ಕ ಹಾಕಿದರೆ ಮೇಲಿನ ಸಾಧಾರಣ ಹೋಟೆಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ಆದರೆ ಮೇಲೆ ಉಳಿದರೆ ಬೇರೆ ತಾಪತ್ರಯ. ನಾವು ಹೊರಡಬೇಕಾದ ಬೆಳಿಗ್ಗೆ ರಸ್ತೆ ಬಂದ್ ಆಯಿತು. ಹಿಮ ತೆಗೆಯುವ ಯಂತ್ರ ಬರುವವರೆಗೆ ಯಾರೂ ಇಳಿಯುವಂತಿಲ್ಲ. ಹೋಟೆಲಿನವರು ಮರುದಿನದ ಪೂರ್ಣ ಬಾಡಿಗೆ ಬಿಲ್ಲಿಗೆ ಸೇರಿಸಿದರು. ಮೇಲಿಂದ, ಸೀಸನ್ ದರ ಏರಿದೆ ಎಂದು ಹಿಂದಿನ ದಿನಕ್ಕಿಂತ ಹೆಚ್ಚು. ನಾನು ಇರಲೆಂದು ಇದ್ದವನಲ್ಲ, ಇಳಿಯಲಾಗದೆ ಇದ್ದವನು. ಇದು ಯಾವ ನ್ಯಾಯ? ಕೊನೆಗೆ ವಿಮಾನವೂ ತಪ್ಪಿತು, ಅದರ ಮಾತು ಬೇರೆ.

ಸಾಣಾಪುರ ಹೋಂಸ್ಟೇ (ಕೊಪ್ಪಳ ಜಿಲ್ಲೆ)

ಮೇಷ್ಟ್ರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಾಲ್ಕು ಕೋಣೆ ಇಟ್ಟುಕೊಂಡು ಅತಿಥಿಗಳನ್ನು ನೋಡಿಕೊಳ್ಳುವವನಾಗಿ ಒಂದು ಮಾತು. ರಸ್ತೆ ಬಂದ್ ಆದ ದಿನ ಹೋಟೆಲಿನವನಿಗೂ ಹೊಸ ಅತಿಥಿ ಬರುವುದಿಲ್ಲ, ಅವರ ಮುಂಗಡ ಹಿಂದಿರುಗಿಸಬೇಕು. ಡೀಸೆಲ್ ಉರಿಯುತ್ತಲೇ ಇರುತ್ತದೆ, ತರಕಾರಿ ಲಾರಿ ಕೆಳಗೇ ನಿಂತಿರುತ್ತದೆ, ಇದ್ದ ಬೇಳೆ ಅಕ್ಕಿಯಲ್ಲೇ ಎಲ್ಲರ ಹೊಟ್ಟೆ ತುಂಬಿಸಬೇಕು.

ನಮ್ಮಲ್ಲಿ 2019ರ ಆಗಸ್ಟ್ ನೆನಪಿದೆಯಲ್ಲ? ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಹಂಪಿ ಎದುರಿನ ವಿರೂಪಾಪುರ ಗಡ್ಡೆ ನಡುಗಡ್ಡೆಯಾಯಿತು, ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು, ಹೆಲಿಕಾಪ್ಟರ್ ಬಂದು ಕರೆದೊಯ್ಯಬೇಕಾಯಿತು. ಅಂಥ ಹೊತ್ತಿನಲ್ಲಿ ದರದ ಮಾತು ಬಾಯಿಗೆ ಬರಬಾರದು, ಅದನ್ನು ಒಪ್ಪುತ್ತೇನೆ. ಊಟದ ಖರ್ಚು, ಅರ್ಧ ಬಾಡಿಗೆ ಪಡೆದರೆ ಎರಡೂ ಕಡೆಗೆ ಹೊರೆ ಹಂಚಿದಂತೆ. ದರ ಏರಿಸಿದ್ದು ಮಾತ್ರ ಶುದ್ಧ ದುರಾಸೆ.

ಸಿಂಧನೂರಿನ ಸೊಸೆ (ರಾಯಚೂರು ಜಿಲ್ಲೆ)

ಅರ್ಧ ಬಾಡಿಗೆ ಎಂಬುದನ್ನು ಆ ದಿನ ಕೌಂಟರಿನಲ್ಲಿ ನಿಂತು ವಾದಿಸಿದರೆ ಯಾರೂ ಕೇಳುವುದಿಲ್ಲ. ಬುಕ್ ಮಾಡುವಾಗಲೇ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. "ರಸ್ತೆ ಬಂದ್ ಆಗಿ ಇಳಿಯಲಾಗದಿದ್ದರೆ ದರ ಎಷ್ಟು? ಬರಲಾಗದಿದ್ದರೆ ಮುಂಗಡ ವಾಪಸ್ಸೇ?" ಎರಡೇ ಸಾಲು. ಹಿಂದಿರುಗುವ ವಿಮಾನ ಗುಲ್ಮಾರ್ಗ್‌ನಿಂದ ಇಳಿದ ದಿನವೇ ಇಟ್ಟುಕೊಳ್ಳಬೇಡಿ, ನಡುವೆ ಶ್ರೀನಗರದಲ್ಲಿ ಒಂದು ರಾತ್ರಿ ಇರಲಿ.

ಹೊಸದಾಗಿ ಸೇರಿದವರು (ಕುಷ್ಟಗಿ)

ಉತ್ತರಾಖಂಡದ ಔಲಿ ಹೇಗೆ? ಕಾಶ್ಮೀರದಷ್ಟು ದೂರವಿಲ್ಲವಲ್ಲ.

ಕೊಪ್ಪಳದ ಹುಡುಗ (ಕೊಪ್ಪಳ)

ನಕ್ಷೆಯಲ್ಲಿ ಹತ್ತಿರ, ದಾರಿಯಲ್ಲಿ ಅಲ್ಲ. ಹರಿದ್ವಾರದಿಂದ ಜೋಶಿಮಠಕ್ಕೆ ಸುಮಾರು 275 ಕಿ.ಮೀ. ಬೆಟ್ಟದ ರಸ್ತೆ, ಹಿರಿಯರಿಗೆ ಕಷ್ಟ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅಲ್ಲಿಂದ ಔಲಿಗಿದ್ದ ರೋಪ್‌ವೇಯನ್ನೂ ನಿಲ್ಲಿಸಿದರು. ಇಳಿಜಾರು ಮಾತ್ರ ಕಲಿಯುವವರಿಗೆ ಚೆನ್ನ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಜಾಗ. ಎದುರಿಗೆ ನಂದಾದೇವಿ. ಬರೀ ಹಿಮ ಮುಟ್ಟಿ ಆಡಿದರೆ ಸಾಕು ಎನ್ನುವವರು ಮನಾಲಿಯಲ್ಲಿ ಉಳಿಯಬಹುದು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಆಚೆ ಬದಿಯ ಸಿಸ್ಸುವಿಗೆ ಹೋಗಿ ಸಂಜೆಗೆ ಮರಳುವವರು ಬಹಳ. ರಾತ್ರಿ ಮನಾಲಿಯ ಎತ್ತರದಲ್ಲೇ ಮಲಗುವುದರಿಂದ ಅಷ್ಟು ಚಳಿಯೂ ಇಲ್ಲ.

ಮಾನ್ವಿ ಮೇಷ್ಟ್ರು (ರಾಯಚೂರು ಜಿಲ್ಲೆ)

ಹಿಮ ಇರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿ ಚಿಲ್ಲೈ ಕಲಾನ್, ಕಡುಚಳಿಯ ಕಾಲ. ಚಳಿ ಖಚಿತ, ಹಿಮ ಖಚಿತವಲ್ಲ. ಹಿಮ ತರುವುದು ಪಶ್ಚಿಮದ ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು, ಅವು ಬಾರದಿದ್ದರೆ ಇಲ್ಲ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೂ ಗುಲ್ಮಾರ್ಗ್ ಕಂದು ಹುಲ್ಲಾಗಿಯೇ ಇತ್ತು, ಪತ್ರಿಕೆಗಳಲ್ಲೆಲ್ಲ ಆ ಚಿತ್ರವೇ. 2025ರಲ್ಲಿ ಹಿಮವಿಲ್ಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಜನವರಿ ಕೊನೆಗಿಂತ ಫೆಬ್ರವರಿ ಎರಡನೆಯ ವಾರ ವಾಸಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಪರೀಕ್ಷೆ ಅಡ್ಡ ಬರುತ್ತದೆ ಎಂದರೆ ನಾನು ಮೇಷ್ಟ್ರಾಗಿ ಮಾತನಾಡುವುದಿಲ್ಲ.

ಸಿಂಧನೂರಿನ ಸೊಸೆ (ರಾಯಚೂರು ಜಿಲ್ಲೆ)

ಊಟದ ವಿಷಯ ಬಿಟ್ಟೇ ಹೋಯಿತು. ಅಷ್ಟು ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ನಿಧಾನ. ತಡರಾತ್ರಿ ಹೋಗಿ ಬಿಸಿ ಅನ್ನ ಸಾರು ಮಾಡಿಕೊಡಿ ಎಂದರೆ ಅವರಿಗೂ ಕಷ್ಟ. ರಾಜ್ಮಾ ಅನ್ನ, ಹಾಕ್ ಸೊಪ್ಪು ಚೆನ್ನಾಗಿರುತ್ತದೆ. ಖಾರ ಮಾತ್ರ ನಮ್ಮ ನಾಲಿಗೆಗೆ ಸಾಲದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ. ಹೋಟೆಲಿನವರು ಮೊಸರು ಕೊಡುತ್ತಾರೆ. ಅತ್ತೆಯ ರೊಟ್ಟಿ ಕೊನೆಯ ದಿನವೂ ಮುರಿದರೆ ಟಪ್ ಎನ್ನುತ್ತಿತ್ತು. ಬಿಸಿನೀರಿನ ಚೀಲ ತಂದುಕೊಟ್ಟ ಹುಡುಗ ಒಂದು ತುಂಡು ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುಂಡು ಕೇಳಿದ.

ಬಳ್ಳಾರಿ ಬಿಸಿಲು (ಬಳ್ಳಾರಿ)

ನಿನ್ನೆ ಮೂರೂ ಹೋಟೆಲಿಗೆ ಫೋನ್ ಮಾಡಿದೆ. ದುಬಾರಿ ಹೋಟೆಲಿನವರು ಬಿಸಿಯ ವೇಳೆ ಕೇಳಿದ್ದಕ್ಕೆ "ಎಲ್ಲ ವ್ಯವಸ್ಥೆ ಇದೆ ಸರ್" ಎಂದು ಮೂರು ಸಲ ಹೇಳಿದರು, ಗಂಟೆ ಮಾತ್ರ ಹೇಳಲಿಲ್ಲ. ಮಾರುಕಟ್ಟೆ ಹತ್ತಿರದವರು ನೇರವಾಗಿ ಹೇಳಿದರು: ಕೋಣೆಯಲ್ಲಿ ಬುಖಾರಿ ಇದೆ, ಸಂಜೆ ಐದಕ್ಕೆ ಹಚ್ಚುತ್ತೇವೆ, ಮಲಗುವ ಮುಂಚೆ ಒಮ್ಮೆ ಸೌದೆ ತುಂಬುತ್ತೇವೆ, ನಸುಕಿನಲ್ಲಿ ಚಳಿಯಾಗುತ್ತದೆ, ಆಗ ರಜಾಯಿ. ಎಲೆಕ್ಟ್ರಿಕ್ ಕಂಬಳಿ ಜನರೇಟರ್ ಮೇಲೆ ನಡೆಯುವುದಿಲ್ಲವಂತೆ, ಅದನ್ನೂ ಅವರೇ ಹೇಳಿದರು. ಬೂಟಿನ ಕೋಣೆ ಇಲ್ಲ, ಅಡುಗೆಮನೆಯ ಪಕ್ಕ ಇಡಬಹುದು. ಮೇಷ್ಟ್ರ ಮಾತಿನಂತೆ ದಿನವನ್ನು ಫೆಬ್ರವರಿಗೆ ಸರಿಸಿ ಅಲ್ಲೇ ಎರಡು ಕೋಣೆ ಹೇಳಿದ್ದೇನೆ. ರಸ್ತೆ ಬಂದ್ ಆದರೆ ಅರ್ಧ ಬಾಡಿಗೆ ಎಂದು ಬರೆದುಕೊಟ್ಟರು, ಸಾಣಾಪುರದವರಿಗೆ ಧನ್ಯವಾದ.

ಇನ್ನುಳಿದದ್ದು ಪ್ರಯಾಣ. ಅಮ್ಮನಿಗೆ ವಿಮಾನ ಎಂದರೆ ಭಯ. ರೈಲಿನಲ್ಲೇ ಹೋಗಲು ಆಗುತ್ತದೆಯೇ?

ಸ್ಟೇಷನ್ ರಸ್ತೆ ಡಾಕ್ಟರ್ (ರಾಯಚೂರು)

ಆಗುತ್ತದೆ. ಗುಂತಕಲ್ಲಿನಲ್ಲೋ ರಾಯಚೂರಿನಲ್ಲೋ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ನೇರ ದೆಹಲಿ. ಅಲ್ಲಿ ಒಂದು ದಿನ ವಿಶ್ರಾಂತಿ, ಮುಂದೆ ಜಮ್ಮು ಕಡೆಯ ಕಟ್ರಾ. 2025ರ ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲಿಗೆ ಚಾಲನೆ ಸಿಕ್ಕಿತು, ಚಿನಾಬ್ ಸೇತುವೆಯ ಮೇಲೆ ಹಾದು ಹೋಗುತ್ತದೆ. ಕಟ್ರಾದಲ್ಲಿ ಗಾಡಿ ಬದಲಿಸಬೇಕು, ನಡುವಿನ ಸಮಯ ಧಾರಾಳವಾಗಿರಲಿ. ತಾಯಿಯವರಿಗೆ ಕೆಳಗಿನ ಬರ್ತ್ ಈಗಲೇ ನೋಡಿ.

ಸಂಡೂರು ಗುಡ್ಡ (ಬಳ್ಳಾರಿ ಜಿಲ್ಲೆ)

ಹೊರಡುವ ಮುಂಚೆ ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಸಂಖ್ಯೆ ಮಾಡಿಸಿಕೊಳ್ಳಿ, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಕೇಬಲ್ ಕಾರಿನ ಟಿಕೆಟನ್ನು ಅಂತರಜಾಲದಲ್ಲಿ ಮುಂಚೆಯೇ ತೆಗೆದುಕೊಳ್ಳಿ, ಗುರುತಿನ ಚೀಟಿ ಒಯ್ಯಿರಿ. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲಿಸುತ್ತಾರೆ, ಆದ್ದರಿಂದ ಅದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ. ಮೊಬೈಲನ್ನು ಒಳ ಜೇಬಿನಲ್ಲಿಡಿ. ಆ ಚಳಿಗೆ ಅರ್ಧ ಚಾರ್ಜ್ ಇದ್ದ ಫೋನು ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಟಿಕೆಟ್ ಅದರಲ್ಲೇ ಇರುತ್ತದೆ.